ಹೊರದೇಶದಿಂದ ಬರುವ ಹಣಕ್ಕೆ ಸರಿಯಾದ ಬ್ಯಾಂಕ್ ಸಂಕೇತ

ಕಮಲಾಪುರದ ಕೆಂಪು ಬಾಳೆ ಇತರ ಬಾಳೆ ತಳಿಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಬೆಳೆ. ಗೊಬ್ಬರ, ನೀರು, ಆಳುಗಳ ಖರ್ಚಿಗೆ ಹಣವು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ರೈತನ ಮಗ ದುಬೈಯಲ್ಲಿ ದುಡಿಯುತ್ತಿದ್ದು, ಅಲ್ಲಿಯ ಬ್ಯಾಂಕಿನಿಂದ ತಂದೆಯ ಖಾತೆಗೆ ಹಣ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಸಂಕೇತ ತಪ್ಪಾದರೆ ಹಣ ನಡುವೆಯೇ ನಿಲ್ಲಬಹುದು ಅಥವಾ ಹಿಂದಿರುಗಬಹುದು. ಗೊಬ್ಬರ ಕೊಡುವ ಕಾಲ ಮಾತ್ರ ಕಾಯುವುದಿಲ್ಲ.

ಎರಡು ಸಂಕೇತಗಳು: ಪಾಸ್ ಪುಸ್ತಕದಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವುದು ಐ.ಎಫ್.ಎಸ್.ಸಿ. ಇದು ದೇಶದೊಳಗಿನ ಹಣ ವರ್ಗಾವಣೆಗೆ ಮಾತ್ರ. ಇದರಲ್ಲಿ 11 ಅಕ್ಷರಗಳಿದ್ದು, ಐದನೆಯದು ಸೊನ್ನೆ. ಹೊರದೇಶದ ಬ್ಯಾಂಕು ಮೊದಲು ಕೇಳುವುದು ಸ್ವಿಫ್ಟ್ ಸಂಕೇತವನ್ನು. 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ ಸ್ವಿಫ್ಟ್ ಸಂಸ್ಥೆಯು ಹಣವನ್ನು ಸಾಗಿಸುವುದಿಲ್ಲ. ಬ್ಯಾಂಕುಗಳ ನಡುವೆ ಪಾವತಿಯ ಸಂದೇಶವನ್ನು ಒಯ್ಯುತ್ತದೆ. ಈ ಸಂಕೇತದಲ್ಲಿ 8 ಅಥವಾ 11 ಅಕ್ಷರಗಳಿರುತ್ತವೆ. ಮೊದಲ 4 ಬ್ಯಾಂಕನ್ನೂ, ಮುಂದಿನ 2 ದೇಶವನ್ನೂ, ಆ ಬಳಿಕದ 2 ಸ್ಥಳವನ್ನೂ ಸೂಚಿಸುತ್ತವೆ. ಭಾರತದ ಗುರುತು 'ಐ' ಮತ್ತು 'ಎನ್'. ಕೊನೆಯ 3 ಅಕ್ಷರಗಳಿದ್ದರೆ ಅವು ಶಾಖೆಯ ಗುರುತು. ಎರಡೂ ಸಂಕೇತಗಳ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿರುವುದುಂಟು. ಆದ್ದರಿಂದಲೇ ಒಂದರ ಬದಲು ಇನ್ನೊಂದನ್ನು ಬರೆಯುವ ತಪ್ಪು ಆಗುತ್ತದೆ.

ಶಾಖೆಗೆ ಸಂಕೇತ ಇಲ್ಲದಿದ್ದರೆ: ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಸಂಕೇತ ಇರುವುದಿಲ್ಲ. ಕಮಲಾಪುರದ ಖಾತೆದಾರರು ತಮ್ಮ ಶಾಖೆಯಲ್ಲಿಯೇ ವಿಚಾರಿಸಿ, ಅದೇ ಬ್ಯಾಂಕಿನ ಯಾವ ಕಚೇರಿಯ ಸಂಕೇತ ಕೊಡಬೇಕೆಂದು ಬರೆಸಿಕೊಳ್ಳಬೇಕು. ಆ ಕಚೇರಿ ಕಲಬುರಗಿ ನಗರದಲ್ಲಿರಬಹುದು, ಬೆಂಗಳೂರು ಅಥವಾ ಮುಂಬಯಿಯಲ್ಲಿಯೂ ಇರಬಹುದು. ಹಣ ಅಲ್ಲಿಗೆ ಬಂದು, ಖಾತೆ ಸಂಖ್ಯೆಯ ಆಧಾರದ ಮೇಲೆ ಶಾಖೆಗೆ ಜಮೆಯಾಗುತ್ತದೆ.

ಹಳೆಯ ಸಂಕೇತ ಬೇಡ: ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐ.ಎಫ್.ಎಸ್.ಸಿ. ಹಾಗೂ ಸ್ವಿಫ್ಟ್ ಸಂಕೇತಗಳು 2021ರ ಜುಲೈ 1ರಿಂದ ರದ್ದಾದವು. ಹಳೆಯ ಪಾಸ್ ಪುಸ್ತಕವನ್ನು ನೋಡಿ ಸಂಕೇತ ಕಳುಹಿಸಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು:

1. ಖಾತೆದಾರರ ಹೆಸರು ಪಾಸ್ ಪುಸ್ತಕದಲ್ಲಿರುವಂತೆಯೇ ಇರಲಿ.

2. ಖಾತೆ ಸಂಖ್ಯೆ, ಸ್ವಿಫ್ಟ್ ಸಂಕೇತ, ಶಾಖೆಯ ವಿಳಾಸ ಮತ್ತು ಐ.ಎಫ್.ಎಸ್.ಸಿ. ನಾಲ್ಕನ್ನೂ ಬರೆದು ಕಳುಹಿಸಿರಿ.

3. ಕೊಲ್ಲಿ ದೇಶಗಳಲ್ಲಿ 'ಐಬಾನ್' ಸಂಖ್ಯೆ ಕೇಳುವರು. ಭಾರತದಲ್ಲಿ ಆ ಪದ್ಧತಿ ಇಲ್ಲ. ಖಾತೆ ಸಂಖ್ಯೆಯನ್ನೇ ಕೊಡಬೇಕು.

4. ನಡುವಿನ ಬ್ಯಾಂಕುಗಳು ಶುಲ್ಕ ಮುರಿದುಕೊಳ್ಳಬಹುದು. ಮೊದಲ ಸಲ ಸಣ್ಣ ಮೊತ್ತ ತರಿಸಿ ನೋಡುವುದು ಒಳ್ಳೆಯದು.

5. ಹಣ ಕಳುಹಿಸಿದ ರಸೀದಿಯ ಪ್ರತಿಯನ್ನು ತರಿಸಿಟ್ಟುಕೊಳ್ಳಿರಿ. ಹಣ ತಡವಾದರೆ ಅದರಲ್ಲಿನ ಉಲ್ಲೇಖ ಸಂಖ್ಯೆಯಿಂದ ಪತ್ತೆ ಹಚ್ಚಬಹುದು.

ಬಿತ್ತುವ ಮೊದಲು ಬೀಜ ಪರೀಕ್ಷಿಸುವಂತೆ, ಹಣ ತರಿಸುವ ಮೊದಲು ಸಂಕೇತವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡುವುದು ಲೇಸು.