ಒತ್ತೊತ್ತಾದ ಹಲ್ಲು: ಯಾವಾಗ ಕಾಯಬಹುದು, ಯಾವಾಗ ತೋರಿಸಬೇಕು

7-8 ವರ್ಷದ ಮಕ್ಕಳಿಗೆ ಕೆಳಗಿನ ಮುಂದಿನ ಹಲ್ಲುಗಳು ಸ್ವಲ್ಪ ಸೊಟ್ಟಗೆ ಹುಟ್ಟುವುದು ಸಾಮಾನ್ಯ. ದವಡೆ ಇನ್ನೂ ಬೆಳೆಯುತ್ತಿರುವುದರಿಂದ ಒಂದೆರಡು ಮಿಲಿಮೀಟರ್ ಇಕ್ಕಟ್ಟು ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚಿನದು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಹೇಗಿದ್ದರೂ ಬೀಳುವ ಹಲ್ಲು ಎಂದು ಹುಳುಕು ಹಿಡಿದ ಹಾಲುಹಲ್ಲನ್ನು ಅಲಕ್ಷಿಸುವುದು ದೊಡ್ಡ ತಪ್ಪು. ಹಾಲಿನ ದವಡೆಹಲ್ಲು ಅವಧಿಗೆ ಮೊದಲೇ ಹೋದರೆ, 6ನೇ ವರ್ಷಕ್ಕೆ ಅದರ ಹಿಂದೆ ಹುಟ್ಟಿದ ಶಾಶ್ವತ ಹಲ್ಲು ಮುಂದಕ್ಕೆ ವಾಲಿ ಆ ಜಾಗ ಹಿಡಿಯುತ್ತದೆ. ಆಮೇಲೆ ಬರುವ ಕೋರೆಹಲ್ಲು ಎಡೆಯಿಲ್ಲದೆ ಸಾಲಿನ ಹೊರಗೆ, ಒಸಡಿನ ಮೇಲ್ಭಾಗದಲ್ಲಿ ಮೂಡಬಹುದು.

ದೊಡ್ಡವರಾದ ಮೇಲೂ ಕೆಳಸಾಲು ನಿಧಾನಕ್ಕೆ ಕಿರಿದಾಗಿ ಮುಂದಿನ ಹಲ್ಲುಗಳು ಒತ್ತಿಕೊಳ್ಳುತ್ತವೆ. ಬುದ್ಧಿಹಲ್ಲೇ ಇದಕ್ಕೆ ಕಾರಣ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ನಡುವಯಸ್ಸಿನಲ್ಲಿ ಹಲ್ಲು ದಿಢೀರನೆ ಸರಿದರೆ, ಅಲುಗಾಡಿದರೆ ಒಸಡಿನ ರೋಗವಿರಬಹುದು, ತಡಮಾಡಬಾರದು.

ಮಕ್ಕಳಿಗೆ 7ನೇ ವರ್ಷದ ಸುಮಾರಿಗೆ ಒಮ್ಮೆ ತಪಾಸಣೆ ಮಾಡಿಸಬೇಕು. ಕ್ಲಿಪ್ ಹಾಕಿಸಲು 11ರಿಂದ 14 ಅನುಕೂಲದ ವಯಸ್ಸು. ಒಸಡು ಆರೋಗ್ಯವಾಗಿದ್ದರೆ ದೊಡ್ಡವರಿಗೂ ಆಗುತ್ತದೆ. ಕ್ಲಿಪ್ ತೆಗೆದ ಮೇಲೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಹಾಕಿಕೊಳ್ಳುವುದನ್ನು ಬಿಟ್ಟರೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಜಾರುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಕಂದುಗಟ್ಟಿದ ಹಲ್ಲಿಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯದೆ ಕಳಚಬಹುದು. ಕುಡಿಯುವ ನೀರಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಈ ಸೀಮೆಯವರಿಗೆ ಹತ್ತಿರದ ದಂತ ಕಾಲೇಜುಗಳು ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಯಲ್ಲಿವೆ.