ಕಪ್ಪೆಯ ಗುರಾಣಿ

ಕೊಳಕು ನೀರಿನಲ್ಲಿ ವಾಸಿಸುವ ಕಪ್ಪೆಗೆ ಗಾಯವಾದರೆ ಅದು ಕೀವುಗಟ್ಟಬೇಕಲ್ಲವೆ? ಹಾಗೇಕೆ ಆಗುವುದಿಲ್ಲ? ಈ ಪ್ರಶ್ನೆಯೇ ಒಂದು ಅಪೂರ್ವ ಶೋಧಕ್ಕೆ ನಾಂದಿಯಾಯಿತು.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕೇಲ್ ಜಾಸ್ಲಾಫ್ ಎಂಬ ವೈದ್ಯವಿಜ್ಞಾನಿ ತಮ್ಮ ಸಂಶೋಧನೆಗಾಗಿ ಆಫ್ರಿಕದ ಒಂದು ಜಾತಿಯ ಕಪ್ಪೆಗಳಿಂದ ಅಂಡಗಳನ್ನು ಪಡೆಯುತ್ತಿದ್ದರು. ಶಸ್ತ್ರಕ್ರಿಯೆ ಮುಗಿಸಿ, ಹೊಲಿಗೆ ಹಾಕಿ, ಕಪ್ಪೆಯನ್ನು ಮತ್ತೆ ತೊಟ್ಟಿಗೆ ಬಿಡುವುದು ವಾಡಿಕೆ. ತೊಟ್ಟಿಯ ನೀರೋ ರೋಗಾಣುಗಳ ತವರು. ಆದರೂ ಗಾಯಗಳು ಬಾವು ಕೀವುಗಳಿಲ್ಲದೆ ಮಾಯುತ್ತಿದ್ದವು.

ಇದರ ರಹಸ್ಯವು ಕಪ್ಪೆಯ ಚರ್ಮದಲ್ಲಿಯೇ ಅಡಗಿತ್ತು. ಅದರಲ್ಲಿ ಸ್ರವಿಸುವ ಎರಡು ಕಿರು ಪ್ರೋಟೀನುಗಳನ್ನು ಜಾಸ್ಲಾಫ್ 1987ರಲ್ಲಿ ಪ್ರಕಟಪಡಿಸಿದರು. ಒಂದೊಂದರಲ್ಲಿಯೂ ಇರುವುದು ಕೇವಲ 23 ಅಮೈನೋ ಆಮ್ಲಗಳು. ಹೀಬ್ರೂ ಭಾಷೆಯಲ್ಲಿ ಗುರಾಣಿ ಎಂಬ ಅರ್ಥ ಕೊಡುವ ‘ಮಾಗೆನ್’ ಪದದಿಂದ ಅವಕ್ಕೆ ‘ಮ್ಯಾಗೈನಿನ್’ ಎಂದು ಹೆಸರಾಯಿತು.

ಈ ಗುರಾಣಿಯ ಕಾರ್ಯವಿಧಾನ ಸೋಜಿಗದ್ದು. ಬ್ಯಾಕ್ಟೀರಿಯದ ಹೊರಮೈಯಲ್ಲಿ ಋಣ ವಿದ್ಯುದಂಶವಿದೆ. ಮ್ಯಾಗೈನಿನ್‌ನಲ್ಲಿರುವುದು ಧನ ವಿದ್ಯುದಂಶ. ಒಂದನ್ನೊಂದು ಸೆಳೆದೊಡನೆ ಈ ಅಣುಗಳು ರೋಗಾಣುವಿನ ಪೊರೆಗೆ ನಾಟಿ ರಂಧ್ರಗಳನ್ನು ಕೊರೆಯುತ್ತವೆ. ಒಳಗಿನ ಸಾರವು ಸೋರಿಹೋಗಿ ರೋಗಾಣು ಸಾಯುತ್ತದೆ. ಪ್ರಾಣಿಯ ಸ್ವಂತ ಜೀವಕೋಶಗಳ ಹೊರಮೈಯಲ್ಲಿ ಅಂಥ ಋಣಾಂಶ ಬಹು ಕಡಮೆಯಾದುದರಿಂದ ಅವು ಬಹುಮಟ್ಟಿಗೆ ಪಾರಾಗುತ್ತವೆ.

ಮನುಷ್ಯನೂ ಈ ಭಾಗ್ಯದಿಂದ ವಂಚಿತನಲ್ಲ. ಅವನ ಬಿಳಿಯ ರಕ್ತಕಣಗಳಲ್ಲಿ, ಕರುಳಿನಲ್ಲಿ, ಚರ್ಮದಲ್ಲಿ ಇಂಥವೇ ಅಣುಗಳಿವೆ. ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಲು ದೇಹಕ್ಕೆ ದಿನಗಟ್ಟಲೆ ಕಾಲ ಬೇಕು. ಈ ಕಾವಲುಗಾರರಾದರೋ ಮೊದಲ ಗಳಿಗೆಯಲ್ಲಿಯೇ ಕಾದಾಟಕ್ಕಿಳಿಯುತ್ತಾರೆ. ಇವುಗಳಲ್ಲೊಂದು 37 ಅಮೈನೋ ಆಮ್ಲಗಳ ಅಣು. ಕಾಸ್ಟ್‌ಮನ್ ರೋಗವೆಂಬ ವಿರಳ ವ್ಯಾಧಿಯುಳ್ಳವರಲ್ಲಿ ಈ ಅಣುವಿನ ಕೊರತೆಯಿರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಚಿಕಿತ್ಸೆಯಿಂದ ರಕ್ತಕಣಗಳ ಸಂಖ್ಯೆ ಏರಿದರೂ ಅಂಥವರ ಒಸಡುಗಳನ್ನು ಸೋಂಕು ಬಿಡದೆ ಕಾಡುತ್ತಿತ್ತು. ಗುರಾಣಿಯ ಬೆಲೆ ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಪ್ರಕೃತಿಯ ಈ ಅಸ್ತ್ರವನ್ನು ಔಷಧವಾಗಿಸುವ ಹಾದಿ ಮಾತ್ರ ಸುಗಮವಾಗಲಿಲ್ಲ. ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ಮ್ಯಾಗೈನಿನ್‌ನ ಮಾದರಿಯಲ್ಲಿ ತಯಾರಾದ ಮುಲಾಮಿಗೆ 1999ರಲ್ಲಿ ಅಮೆರಿಕ ಸರಕಾರದ ಔಷಧ ಇಲಾಖೆ ಅನುಮತಿ ಕೊಡಲಿಲ್ಲ. ಆದರೆ ಪೆನಿಸಿಲಿನ್ ಮೊದಲಾದ ಮದ್ದುಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ವಿಜ್ಞಾನಿಗಳು ಪ್ರಯತ್ನವನ್ನು ಕೈಬಿಟ್ಟಿಲ್ಲ. ಕಪ್ಪೆಯ ಚರ್ಮ ಕಲಿಸಿದ ಪಾಠವನ್ನು ಮನುಷ್ಯ ಇನ್ನೂ ಓದುತ್ತಲೇ ಇದ್ದಾನೆ.