ಬಿಸಿಲು ಪಾವಗಡದ್ದು, ಹೊಗೆ ಎಲ್ಲರದ್ದು

ತುಮಕೂರು: ಪಾವಗಡ ತಾಲೂಕಿನ ತಿರುಮಣಿ ಕಡೆ ಹೋದವರಿಗೆ ಈಗ ಕಡಲೆಕಾಯಿ ಹೊಲಕ್ಕಿಂತ ಹೆಚ್ಚಾಗಿ ಕಾಣೋದು ಸೋಲಾರ್ ಹಲಗೆಗಳೇ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚರ್ಲು, ಕ್ಯಾತಗಾನಚರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹಬ್ಬಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಮಳೆ ಕೈಕೊಟ್ಟ ಸೀಮೆಯಲ್ಲಿ ಬಿಸಿಲೇ ಬೆಳೆಯಾಯ್ತು!

ಬಾಡಿಗೆ ಬಂತು, ಕೂಲಿ ಹೋಯ್ತು

ಇಲ್ಲಿ ಸರ್ಕಾರ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿ ಇದ್ದವರ ಕೈಗೆ ದುಡ್ಡು ಬಂತು, ಸಂತೋಷ. ಪಹಣಿಯೇ ಇಲ್ಲದವರ ಪಾಡೇನು? ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಹಲಗೆ ತೊಳೆಯೋದು, ಹುಲ್ಲು ಕತ್ತರಿಸೋದು, ಕಾವಲು ಕಾಯೋದು ಇಂಥ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ.

ದೀಪ ಇಲ್ಲಿ, ಬೂದಿ ಅಲ್ಲಿ

‘ನಮ್ಮ ಜಿಲ್ಲೆಯಲ್ಲೇ ಅಷ್ಟು ದೊಡ್ಡ ಪಾರ್ಕ್ ಇದೆಯಲ್ಲ, ಇನ್ನು ನಮಗೇನು ಕೆಲಸ?’ ಅಂತ ಕೂರುವ ಹಾಗಿಲ್ಲ. ಹೊತ್ತು ಮುಳುಗಿದರೆ ಪಾರ್ಕೂ ಮಲಗುತ್ತೆ. ಅಂಗಡಿಯವರು ಬೋರ್ಡಿನ ಲೈಟು ಹಾಕೋದು ಆಗಲೇ! ಆ ಹೊತ್ತಿನಲ್ಲಿ ಲೈನಿಗೆ ಬರೋದರಲ್ಲಿ ಶರಾವತಿಯ ನೀರಿನ ಕರೆಂಟೂ ಇದೆ, ರಾಯಚೂರು-ಬಳ್ಳಾರಿಯ ಕಲ್ಲಿದ್ದಲಿನ ಕರೆಂಟೂ ಇದೆ. ರಾಯಚೂರಿನ ಶಕ್ತಿನಗರದ್ದೊಂದೇ 1,720 ಮೆಗಾವಾಟ್‌ನ ಸ್ಥಾವರ. ಇಲ್ಲಿ ಬೇಡದ ಲೈಟು ಉರಿದರೆ ಹಾರುಬೂದಿ ನುಂಗೋರು ಅಲ್ಲಿಯ ಜನ.

ಯಾರ ಪಾಲು ಎಷ್ಟು?

ಕರೆಂಟಿನ ಮಾತು ದೂರದ್ದು ಅನ್ನೋದಾದರೆ, ಬೀದಿಯ ಹೊಗೆ ಯಾರದ್ದು? ಬೆಳಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಪ್ಲಾಸ್ಟಿಕ್ ಸಮೇತ ಕಡ್ಡಿ ಗೀರುವ ಅಂಗಡಿಯವರು ಇನ್ನೂ ಇದ್ದಾರೆ. ಆ ವಿಷ ಮೊದಲು ಹೋಗೋದು ಬಸ್ಸಿಗೆ ಕಾದು ನಿಂತ ಸ್ಕೂಲು ಮಕ್ಕಳ ಎದೆಗೆ. ಬಯಲಲ್ಲಿ ಕಸ ಸುಡೋದು ಕಾನೂನಿಗೂ ವಿರುದ್ಧ. ಹಾಗಂತ ಕಸದ ಗಾಡಿ ಮೂರು ದಿನ ಬಾರದಿದ್ದರೆ ಅಂಗಡಿಯವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅದು ಆಡಳಿತದ ಪಾಲು.

ಐವತ್ತು ಜನ ಒಂದೇ ಬಸ್ಸಿನಲ್ಲಿ ಹೋದರೆ ಅಷ್ಟೂ ಬೈಕುಗಳ ಹೊಗೆ ಉಳೀತು. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕಲ್ಲ ಸ್ವಾಮಿ!

ಸ್ವಂತ ಮಾಳಿಗೆ ಇರುವವರಿಗೆ 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಿದೆ. ಮನೆ ಮೇಲೆ 3 ಕಿಲೋವಾಟ್ ಹಾಕಿಸಿದರೆ 78,000 ರೂ. ಸಹಾಯಧನ. ಆದರೆ ಮೊದಲು ಕೈಯಿಂದ ದುಡ್ಡು ಹಾಕಬೇಕು, ಇಲ್ಲವೇ ಬ್ಯಾಂಕಿಗೆ ಅಲೆಯಬೇಕು. ಬಾಡಿಗೆ ಮನೆಯವರಿಗೆ ಮಾಳಿಗೆಯೇ ಇಲ್ಲ.

ಹೊಗೆ ಕಡಿಮೆ ಮಾಡೋದು ಎಲ್ಲರ ಹೊಣೆ, ನಿಜ. ಉಳ್ಳವರು ಮಾಳಿಗೆ ಕೊಡಲಿ, ಅಂಗಡಿಯವರು ಬೆಂಕಿಪೊಟ್ಟಣ ಒಳಗಿಡಲಿ, ಆಡಳಿತ ಗಾಡಿ-ಬಸ್ಸು ಸರಿಯಾಗಿ ಓಡಿಸಲಿ. ಪಾವಗಡದ ಕೂಲಿಯವರು ತಮ್ಮ ಪಾಲನ್ನು ಯಾರೂ ಕೇಳುವ ಮೊದಲೇ ಕೊಟ್ಟಾಗಿದೆ. ಅವರಿಗೆ ಬದಲಿ ಕೆಲಸ ಕೊಡೋದು ಬಾಕಿ ಉಳಿದಿರುವ ಮೊದಲ ಲೆಕ್ಕ.